ಬಾಯಿತುಂಬ ನೀರು, ಏಳು ಸೋರೆಬೀಜ

ಶೋಭಕೃತು ಸಂವತ್ಸರ, ಮಾರ್ಗಶಿರ ಬಹುಳ ದಶಮಿ, ಸೋಮವಾರ

ಬೈಯಬೇಕಾದ್ದನ್ನೆಲ್ಲ ಬರೆದಿಟ್ಟರೆ ಅವ್ವನ ಕಿವಿಗೆ ಬೀಳುವುದಿಲ್ಲ. ಅದಕ್ಕೇ ಇದನ್ನು ಶುರುಮಾಡಿದ್ದೇನೆ.

ನಿನ್ನೆ ಊರು ಬಿಟ್ಟೆವು. ಮೊದಲು ಕೆಳಗಿನ ಕೇರಿಯಲ್ಲಿ ಇಲಿ ಸತ್ತು ಬಿದ್ದವು. ಆಮೇಲೆ ನಮ್ಮ ಅಡುಗೆಮನೆಯಲ್ಲೇ ಒಂದು ಬಿತ್ತು. ಪ್ಲೇಗಿನ ಸುದ್ದಿ ಯಾರೂ ಬಾಯಿಬಿಟ್ಟು ಆಡಲಿಲ್ಲ, ಹೊತ್ತು ಮುಳುಗುವುದರೊಳಗೆ ಊರೇ ಖಾಲಿ. ಈಗ ಅಜ್ಜಂಪುರದ ದಾರಿ ಮಗ್ಗುಲಿನ ಕುಯ್ಲಾದ ರಾಗಿ ಹೊಲದಲ್ಲಿ ಸಾಲಾಗಿ ಗುಡಿಸಲು ಹಾಕಿಕೊಂಡು ಕೂತಿದ್ದೇವೆ. ತೆಂಗಿನ ಗರಿಯ ಗೋಡೆ, ಹುಲ್ಲಿನ ಮಾಡು. ಚಳಿ ನಾಲ್ಕೂ ಕಡೆಯಿಂದ ಒಳಗೆ ಬರುತ್ತದೆ, ಹೊಗೆ ಒಂದು ಕಡೆಯಿಂದಲೂ ಹೊರಗೆ ಹೋಗುವುದಿಲ್ಲ.

ಹೊಲದ ಬಾಯಲ್ಲಿ ಒಬ್ಬ ದಫೇದಾರ ದೊಡ್ಡ ಕೊಪ್ಪರಿಗೆ ಹೂಡಿಸಿ ನಿಂತಿದ್ದ. ಊರಿಂದ ಬಂದ ಬಟ್ಟೆ ಕುದಿಯದೆ ಒಳಗೆ ಹೋಗುವಂತಿಲ್ಲ. ನನ್ನ ಪಂಚೆ, ಕೆಂಪು ರುಮಾಲು, ಅವ್ವನ ಸೀರೆ, ಎಲ್ಲ ಒಟ್ಟಿಗೆ ಬಿದ್ದವು. ಸೊಸೆ ಕೋಲು ಹಿಡಿದು ತಿರುವಿದಳು. ರುಮಾಲಿನ ಬಣ್ಣವೆಲ್ಲ ಪಂಚೆಗೆ ಹತ್ತಿತು. ಐವತ್ತು ದಾಟಿದವನು, ಹೆಂಡತಿ ಸತ್ತು ಮೂರು ವರ್ಷವಾದವನು, ಮದುವೆ ಗಂಡಿನ ಹಾಗೆ ಗುಲಾಬಿ ಪಂಚೆ ಉಟ್ಟು ಓಡಾಡುತ್ತಿದ್ದೇನೆ.

ಗುಡಿಸಲಲ್ಲಿ ನಾವು ಮೂವರೇ. ಅವ್ವ, ನಾನು, ಸೊಸೆ. ಮಗ ಈರಣ್ಣ ಬೀರೂರಿನ ಕೊಬ್ಬರಿ ಮಂಡಿಯಲ್ಲಿದ್ದಾನೆ. ಇಲ್ಲಿಗೆ ಬಂದರೆ ತಿರುಗಿ ಅಲ್ಲಿಗೆ ಬಿಡುವುದಿಲ್ಲ, ಅದಕ್ಕೆ ಬಂದಿಲ್ಲ. ಸೊಸೆ ತರೀಕೆರೆಯ ಅಂಗಡಿ ಮನೆಯವಳು. ಮದುವೆಯಾಗಿ ವರ್ಷವಾಯಿತು. ತೂಕ ಹಾಕು ಎಂದರೆ ಹಾಕಿಯಾಳು. ಬೀಜದ ತಲೆ ಯಾವುದು ಬುಡ ಯಾವುದು ಎಂದರೆ ನನ್ನ ಮುಖ ನೋಡುತ್ತಾಳೆ.

ಏಕಾದಶಿ, ಮಂಗಳವಾರ

ಇವತ್ತು ಒಂದು ಒಳ್ಳೆಯದಾಯಿತು. ಅವ್ವ ಒಣಗಿದ ಸೀರೆ ಉಡುವಾಗ ಸೆರಗಿನ ತುದಿಯ ಗಂಟು ಬಿಚ್ಚಿ, "ತಗೋ, ನಿನ್ ಹೆಂಡ್ತಿ ಬೀಜ" ಎಂದು ನನ್ನ ಅಂಗೈಗೆ ಸುರಿದಳು. ಸೋರೆಬೀಜ.

ಒಲೆಯ ಮೇಲೆ ತೂಗುಹಾಕಿದ್ದ ಬುರುಡೆಯಲ್ಲಿ ಬೊಗಸೆ ತುಂಬ ಇದ್ದವು. ಇಲಿಗಳು ಸಾಯುವ ಮೊದಲು ಅದಕ್ಕೂ ಬಾಯಿ ಹಾಕಿವೆ. ಉಳಿದ ಏಳನ್ನು ಅವ್ವ ಹೊರಡುವ ಗಡಿಬಿಡಿಯಲ್ಲಿ ಸೆರಗಿಗೆ ಕಟ್ಟಿಕೊಂಡಿದ್ದಳು. ಆಮೇಲೆ ಮರೆತಿದ್ದಳು.

ನನ್ನ ಹೆಂಡತಿ ಯಗಟಿಯಿಂದ ಮದುವೆಯಾಗಿ ಬಂದಾಗ ಈ ಬೀಜವನ್ನು ಮಡಿಲಲ್ಲಿ ಕಟ್ಟಿಕೊಂಡು ಬಂದಿದ್ದಳು. ಆ ಬಳ್ಳಿ ಕೊಟ್ಟಿಗೆಯ ಮಾಡು ಪೂರ್ತಿ ಹಬ್ಬುತ್ತಿತ್ತು. ಒಂದೊಂದು ಕಾಯಿ ವರ್ಷದ ಕೂಸಿನಷ್ಟು. ಎಳೆಯದರಲ್ಲಿ ಪಲ್ಯ, ಬಲಿತರೆ ಬುರುಡೆ. ಉಪ್ಪಿಗೊಂದು, ಬಿತ್ತನೆ ರಾಗಿಗೊಂದು, ಮಠಕ್ಕೊಂದು. ಅವಳು ಹೋದ ಮೇಲೆ ನಾನು ಬೀಜ ಹಾಕಲಿಲ್ಲ. ಯಾಕೆ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಈಗ ಬೀಜಕ್ಕೆ ಮೂರು ವರ್ಷ. ಈ ಸಲ ಮೊಳೆಯದಿದ್ದರೆ ಇನ್ನು ಮೊಳೆಯುವುದಿಲ್ಲ. ಈ ಏಳು ಹೋದರೆ ಆ ಬಳ್ಳಿ ನಮ್ಮ ಮನೆಯಿಂದ ಹೋದ ಹಾಗೆಯೇ.

ಈ ಚಳಿಯಲ್ಲಿ ನೆಲಕ್ಕೆ ಹಾಕಿದರೆ ಕೊಳೆಯುತ್ತದೆ. ಗುಡಿಸಲ ಒಳಗೇ ಒಲೆಯ ಹತ್ತಿರ ಮೊಳೆಸಿ, ಊರಿಗೆ ಹೋದ ಮೇಲೆ ಕೊಟ್ಟಿಗೆಯ ಬುಡದಲ್ಲಿ ನೆಡಬೇಕು.

ಬೀಜ ಯಾಕೋ ತೇವವಾಗಿದ್ದವು. ಸೀರೆಯ ಒದ್ದೆ ಗಂಟಿಗೆ ಇಳಿದಿರಬೇಕು ಎಂದಳು ಅವ್ವ. ಸೊಸೆ ಏನೋ ಹೇಳಲು ಬಂದಳು. ಮೊದಲು ಒಲೆ ನೋಡು, ಗಂಜಿ ಉಕ್ಕುತ್ತಿದೆ ಎಂದೆ.

ಪುಷ್ಯ ಶುದ್ಧ ತದಿಗೆ, ಸೋಮವಾರ

ಹಾಳಾಯಿತು.

ನಿನ್ನೆಯೇ ಬೀಜವನ್ನು ಹಾಲು ಬೆರೆಸಿದ ನೀರಿನಲ್ಲಿ ನೆನೆಹಾಕಿದ್ದೆ. ಏಳು ತೆಂಗಿನ ಕರಟ ಆರಿಸಿ ತಂದು, ಸಗಣಿ ಬೂದಿ ಮಣ್ಣು ಕಲಸಿ ತುಂಬಿದ್ದೆ. ನಮ್ಮಲ್ಲಿ ಸೋರೆಬೀಜ ಹಾಕುವುದಕ್ಕೂ ಸಸಿ ನೆಡುವುದಕ್ಕೂ ಒಂದು ಕ್ರಮವಿದೆ. ಇಬ್ಬರು ಕೂರಬೇಕು. ಒಬ್ಬರು ಹಿಡಿಯುವುದು, ಇನ್ನೊಬ್ಬರು ಊರುವುದು. ಇಬ್ಬರೂ ಬಾಯಿತುಂಬ ನೀರು ತುಂಬಿಕೊಂಡಿರಬೇಕು. ಕೆನ್ನೆ ಉಬ್ಬಿದ ಹಾಗೆ ಕಾಯಿ ಉಬ್ಬುತ್ತದೆ. ಕೆಲಸ ಮುಗಿದ ಮೇಲೆ ಆ ನೀರು ನುಂಗಬೇಕು, ಅಲ್ಲಿಯತನಕ ಒಂದು ತೊಟ್ಟೂ ಚೆಲ್ಲಬಾರದು. ಊರುವ ಕೈ ಹೆಣ್ಣಿನದಾಗಬೇಕು. ಮೂವತ್ತು ವರ್ಷ ನಾನು ಹಿಡಿದೆ, ನನ್ನ ಹೆಂಡತಿ ಊರಿದಳು.

ಅವ್ವನ ಕೈ ನಡುಗುತ್ತದೆ. ಬೇರೆ ದಾರಿಯಿಲ್ಲದೆ ಸೊಸೆಯನ್ನು ಕೂರಿಸಿದೆ. ಎರಡು ಕರಟ ಆಗಿತ್ತು. ಅಷ್ಟರಲ್ಲಿ ಪಕ್ಕದ ಗುಡಿಸಲಿನ ಕರಿಸಿದ್ದಪ್ಪ ಬಾಗಿಲಲ್ಲಿ ಬಗ್ಗಿ ನೋಡಿದ. ಆ ಮನುಷ್ಯನಿಗೆ ಪ್ಲೇಗು ಬಂದರೂ ಬಾಯಿ ಮಾತ್ರ ನಿಲ್ಲುವುದಿಲ್ಲ.

"ಏನ್ ಪಂಚಾಕ್ಷರಣ್ಣ, ಮಾವ ಸೊಸೆ ಇಬ್ರಿಗೂ ಒಂದೇ ದಿನ ಹಲ್ಲುನೋವು ಬಂದ್ಬಿಡ್ತಾ?"

ನಾನು ಕೈ ಬೀಸಿ ಹೋಗು ಎಂದೆ.

"ಗುಲಾಬಿ ಪಂಚೆ ಬೇರೆ ಉಟ್ಟಿದ್ದೀಯ. ಹಲ್ಲುನೋವಲ್ಲ ಬಿಡು, ನಾಚಿಕೆ."

ಸೊಸೆ ಬುಸ್ಸೆಂದಳು. ಬಾಯಲ್ಲಿದ್ದ ನೀರೆಲ್ಲ ಕರಟದ ಮೇಲೆ, ಬೀಜದ ಮೇಲೆ, ನನ್ನ ಪಂಚೆಯ ಮೇಲೆ. ನನಗೆ ಬೈಯಲೂ ಆಗಲಿಲ್ಲ, ನನ್ನ ಬಾಯಿಯ ನೀರು ಹಾಗೇ ಇತ್ತು. ಕಣ್ಣಲ್ಲೇ ಬೈದೆ. ಅವಳು ಮತ್ತೆ ನೀರು ತುಂಬಿಕೊಂಡು ಉಳಿದ ಐದನ್ನು ಊರಿದಳು. ಆದರೆ ಆದದ್ದು ಆಯಿತಲ್ಲ. ಕರಟಗಳನ್ನು ರಾಗಿ ಹೊಟ್ಟು ತುಂಬಿದ ಬುಟ್ಟಿಯಲ್ಲಿಟ್ಟು, ಒಲೆಯ ಮಗ್ಗುಲಿಗೆ ಇರಿಸಿ, ಕಂಬಳಿ ಚೂರು ಹೊದಿಸಿದ್ದೇನೆ.

ಅಷ್ಟಮಿ, ಶನಿವಾರ

ಇಲ್ಲ.

ದಿನಾ ಬೆಳಿಗ್ಗೆ ಕಂಬಳಿ ತೆಗೆದು ನೋಡುತ್ತೇನೆ. ಸಗಣಿ ಬಿರುಕುಬಿಟ್ಟಿದೆ, ಅಷ್ಟೇ. ಹಾಗೆ ಪದೇಪದೇ ನೋಡಿದರೆ ದೃಷ್ಟಿಯಾಗುತ್ತದೆ ಎನ್ನುತ್ತಾಳೆ ಅವ್ವ. ನೋಡದಿದ್ದರೆ ಮೊಳೆತದ್ದು ಗೊತ್ತಾಗುವುದು ಹೇಗೆ?

ಯಗಟಿಯ ಕುರುಬ ಬೀರಪ್ಪ ಮಂದೆ ಹೊಡೆದುಕೊಂಡು ಬಂದಿದ್ದಾನೆ. ಪ್ರತಿ ವರ್ಷ ಕುಯ್ಲಾದ ಮೇಲೆ ಬಂದು ನಮ್ಮ ಹೊಲಗಳಲ್ಲಿ ಗೊಬ್ಬರಕ್ಕೆ ಕುರಿ ತರುಬುವವನು. ಜನ ಪ್ಲೇಗಿಗೆ ಹೆದರಿದರೂ ಕುರಿಗೆ ಏನು. ಗುಡಿಸಲ ಸಾಲಿಗೆ ಬಾರದವನನ್ನು ದಫೇದಾರನೂ ತಡೆಯುವುದಿಲ್ಲ. ನನ್ನನ್ನು ನೋಡಿ, ಬೆನಕಪ್ಪನವರು ನಿಮ್ಮನ್ನ ಕೇಳಿದರು ಎಂದ. ನಾನು ಮಂದೆಯ ಕಡೆ ತಿರುಗಿ, ಈ ವರ್ಷ ಮರಿ ಚೆನ್ನಾಗಿವೆಯಲ್ಲ ಎಂದೆ.

ಬೆನಕಪ್ಪ ನನ್ನ ಹೆಂಡತಿಯ ತಮ್ಮ. ಅವಳು ತೀರಿದ ಮೇಲೆ ಮಾಡಿದ ಗಣಾರಾಧನೆಯ ದಿನ, ಜಂಗಮರು ಉಂಡ ಎಲೆ ಇನ್ನೂ ಎತ್ತಿರಲಿಲ್ಲ, ನನ್ನನ್ನು ಹಿತ್ತಲಿಗೆ ಕರೆದು, "ಭಾವ, ನಮ್ಮ ಚಿಕ್ಕಪ್ಪನ ಮಗಳು ಒಬ್ಬಳಿದ್ದಾಳೆ" ಎಂದ. ಒಂದು ಎತ್ತು ಸತ್ತರೆ ಜೊತೆಗೆ ಇನ್ನೊಂದು ತಂದು ಕಟ್ಟುವ ಹಾಗೆ. ಅವತ್ತಿನಿಂದ ನಾನು ಯಗಟಿಯ ದಾರಿ ತುಳಿದಿಲ್ಲ. ಅವನ ಮುಂದೆ ಆಡಬೇಕಾದ ಮಾತು ನನ್ನ ಹತ್ತಿರ ಸಾಕಷ್ಟಿದೆ. ಕಾದಿಟ್ಟಿದ್ದೇನೆ.

ದಶಮಿ, ಸೋಮವಾರ

ಇಲ್ಲ. ಇಲ್ಲ. ಇಲ್ಲ.

ಬುಟ್ಟಿಯನ್ನು ಒಲೆಗೆ ಇನ್ನೂ ಹತ್ತಿರ ಸರಿಸಿದೆ. ಒಂದು ಕಡೆ ಹೊಟ್ಟು ಹೊತ್ತಿಕೊಂಡು ಗುಡಿಸಲೇ ಹೋಗುವುದರಲ್ಲಿತ್ತು. ಅವ್ವ ಕೊಡದ ನೀರು ಸುರಿದಳು. ಈಗ ಒಲೆಯೂ ಇಲ್ಲ, ಮೊಳಕೆಯೂ ಇಲ್ಲ. ಕರಿಸಿದ್ದಪ್ಪನ ಮನೆಯಿಂದ ಬೆಂಕಿ ತಂದದ್ದಾಯಿತು. ಅವನು ಬೆಂಕಿಯ ಜೊತೆ ಬುದ್ಧಿಯನ್ನೂ ಕೊಟ್ಟ. ಕೋಳಿ ಸಾಕಿ ಅದರ ಕೆಳಗೆ ಇಡಬೇಕಂತೆ.

ಆ ಸಿಟ್ಟಿನಲ್ಲಿ ಸೊಸೆಗೆ ಅಂದುಬಿಟ್ಟೆ. "ಕೈಗುಣ ಅಂತ ಒಂದಿರ್ತದೆ ಕಣಮ್ಮ. ನಿನ್ ಕೈ ತಾಗಿದ್ದೇ ತಪ್ಪಾಯ್ತು. ನೀನು ಹಾಕಿದ ಮೆಂತ್ಯವೂ ಎದ್ದಿರಲಿಲ್ಲ."

ಅವಳು ತಲೆ ತಗ್ಗಿಸಿಕೊಂಡು ರಾಗಿ ಬೀಸುತ್ತಲೇ ಇದ್ದಳು. ಅಂದದ್ದು ಸುಳ್ಳೇನಲ್ಲ. ಮೆಂತ್ಯ ಎದ್ದಿರಲಿಲ್ಲ.

ಹುಣ್ಣಿಮೆ, ಭಾನುವಾರ

ಕೊನೆಯ ಸಾಲಿನ ಗುಡಿಸಲಲ್ಲಿ ಒಂದು ಕೂಸು ಹೋಯಿತು. ಜ್ವರವೋ ಪ್ಲೇಗೋ, ಯಾರೂ ವಿಚಾರಿಸಲಿಲ್ಲ. ಆ ತಾಯಿ ಅಳುವುದು ಇಲ್ಲಿಯವರೆಗೂ ಕೇಳುತ್ತಿತ್ತು. ಅವ್ವ ಹೋಗಿ ಬಂದಳು. ಯಾರೂ ಉಣ್ಣಲಿಲ್ಲ.

ಎಲ್ಲರೂ ಹೊರಗಿದ್ದಾಗ ನಾನು ಒಂದು ಕೆಲಸ ಮಾಡಿದೆ. ಎರಡು ಕರಟ ಅಗೆದು ಬೀಜ ತೆಗೆದು, ಕಲ್ಲಿನಲ್ಲಿ ಒಡೆದು ನೋಡಿದೆ. ಒಳಗೆ ತಿರುಳು ಹಳದಿಯಾಗಿ, ಬೇಯಿಸಿದ ಅವರೆಕಾಳಿನ ಹಾಗೆ ಮೆತ್ತಗೆ. ಚಳಿಗೆ ಕೊಳೆತಿರಬೇಕು. ಎಸೆದು, ಸಗಣಿಯನ್ನು ತಿರುಗಿ ಒತ್ತಿ, ಏನೂ ಆಗದ ಹಾಗೆ ಇಟ್ಟಿದ್ದೇನೆ. ಯಾರಿಗೂ ಹೇಳುವುದಿಲ್ಲ. ಮಗುವಿನ ಹಾಗೆ ಒಡೆದು ನೋಡಿದನಂತೆ ಎಂದು ಕರಿಸಿದ್ದಪ್ಪ ಒಂದು ಕಥೆ ಕಟ್ಟಿಬಿಡುತ್ತಾನೆ.

ಇನ್ನು ಐದು ಇವೆ.

ಬಹುಳ ಪಂಚಮಿ, ಶುಕ್ರವಾರ

ಸೊಸೆಗೆ ಇದ್ದಕ್ಕಿದ್ದ ಹಾಗೆ ಧೈರ್ಯ ಬಂದಿದೆ. ಬುಟ್ಟಿಯನ್ನು ಒಲೆಯ ಹಿಂದಕ್ಕೆ, ತನ್ನ ಚಾಪೆಯ ಪಕ್ಕಕ್ಕೆ ಸರಿಸಿಕೊಂಡಿದ್ದಾಳೆ. ನೀವು ದಿನಾ ಕಂಬಳಿ ಎತ್ತಿದರೆ ಬಿಸಿ ಹೋಗುತ್ತದೆ ಮಾವ, ಅಮಾವಾಸ್ಯೆ ಕಳೆಯೋವರೆಗೂ ನಾನೇ ನೋಡಿಕೊಳ್ಳುತ್ತೇನೆ ಎಂದಳು. ಹಾಳಾದ ಮೇಲೆ ಯಾರು ನೋಡಿಕೊಂಡರೇನು ಎಂದು ಬಿಟ್ಟುಬಿಟ್ಟೆ.

ನಾಲ್ಕು ದಿನ ತನ್ನೂರಿಗೆ ಹೋಗಿದ್ದ ಬೀರಪ್ಪ ತಿರುಗಿ ಬಂದಿದ್ದಾನೆ. ಕುರಿಗಳ ಗಲಾಟೆ.

ಸಂಕ್ರಾಂತಿ, ಬುಧವಾರ

ಎಳ್ಳು ಬೀರಲು ಮನೆಯೇ ಇಲ್ಲ. ಸೊಸೆ ಎಲ್ಲಿಂದಲೋ ಬೆಲ್ಲ ಹೊಂದಿಸಿ, ಎಳ್ಳು ಬೆರೆಸಿ ಗುಡಿಸಲಿಂದ ಗುಡಿಸಲಿಗೆ ಹಂಚಿದಳು. ಕೂಸು ಹೋದ ಮನೆಗೂ ಹೋಗಿ ಆ ತಾಯಿಯ ಹತ್ತಿರ ಬಹಳ ಹೊತ್ತು ಕೂತಿದ್ದು ಬಂದಳಂತೆ. ಅವ್ವ ಹೇಳಿದಳು.

ಇವತ್ತೂ ಇಲ್ಲ. ಹಬ್ಬ ಕಳೆದ ಮೇಲೆ ಬುಟ್ಟಿ ಬರಿದುಮಾಡಿ ಆ ಹೊಟ್ಟನ್ನಾದರೂ ಒಲೆಗೆ ಹಾಕೋಣ ಎಂದೆ. ಸೊಸೆ ಮಲ್ಲಿಕಾಂಬ, "ಅಮಾವಾಸ್ಯೆ ಅಂದಿದ್ದೀನಲ್ಲ ಮಾವ" ಎಂದಳು. ದನಿ ಜೋರಾಗಿರಲಿಲ್ಲ. ಆದರೂ ನಾನು ಬುಟ್ಟಿ ಮುಟ್ಟಲಿಲ್ಲ. ಹಬ್ಬದ ದಿನ ಜಗಳ ಬೇಡವೆಂದು.

ಮಾಘ ಶುದ್ಧ ಬಿದಿಗೆ, ಮಂಗಳವಾರ

ಮೊಳೆತಿವೆ!

ಬೆಳಿಗ್ಗೆ ಅವ್ವನೇ ಕೂಗಿದಳು. ಓಡಿಹೋಗಿ ನೋಡಿದರೆ, ಒಂದು ಕರಟದಲ್ಲಿ ಗೂನುಬೆನ್ನಿನ ಮುದುಕಿಯ ಹಾಗೆ ಬಾಗಿಕೊಂಡು ಎದ್ದಿದೆ. ಇನ್ನೊಂದರಲ್ಲಿ ಬೀಜದ ಸಿಪ್ಪೆಯನ್ನು ಟೋಪಿಯ ಹಾಗೆ ತಲೆಯ ಮೇಲೆ ಹೊತ್ತು ನಿಂತಿದೆ. ಮಧ್ಯಾಹ್ನದ ಹೊತ್ತಿಗೆ ಎಲ್ಲ ಕರಟದಲ್ಲೂ ಮಣ್ಣು ಬಿರಿದಿತ್ತು. ಏಳಕ್ಕೆ ಏಳೂ! ಮೂರು ವರ್ಷದ ಬೀಜ, ಈ ಚಳಿ, ಈ ಗುಡಿಸಲು. ನಾನು ಕಲಸಿದ ಸಗಣಿ ಬೂದಿಯ ಹದ ಅಂಥದ್ದು. ಕರಿಸಿದ್ದಪ್ಪನನ್ನು ಕೈಹಿಡಿದು ಎಳೆದುಕೊಂಡು ಬಂದು ತೋರಿಸಿದೆ. ಅವನಿಗೂ ಮಾತು ಹೊರಡಲಿಲ್ಲ. ಅದೊಂದನ್ನು ನೋಡಿದ್ದೇ ಸಾಕು.

ಎರಡು ಪಾಲು ಉಂಡೆ.

ತದಿಗೆ, ಬುಧವಾರ

ಏಳು ಹೇಗಾಗುತ್ತದೆ?

ಎರಡನ್ನು ನಾನೇ ಒಡೆದು ಎಸೆದಿದ್ದೇನೆ. ಇದ್ದದ್ದು ಐದು. ಎದ್ದದ್ದು ಏಳು. ತೂಕದಲ್ಲಿ ಮೋಸವಾದರೆ ಕಡಿಮೆಯಾಗುತ್ತದೆ, ಹೆಚ್ಚಾಗುವುದನ್ನು ನಾನು ಎಲ್ಲೂ ಕಂಡಿಲ್ಲ.

ಇವು ನಮ್ಮ ಬೀಜವಲ್ಲ.

ಪಂಚಮಿ, ಶುಕ್ರವಾರ

ಎರಡು ದಿನ ಬಾಯಿ ಕಟ್ಟಿಕೊಂಡಿದ್ದೆ. ಇವತ್ತು ಅವ್ವನ ಎದುರಿಗೇ ಕೇಳಿದೆ. ಮಲ್ಲಿಕಾಂಬ ಬೀಸುವ ಕಲ್ಲು ನಿಲ್ಲಿಸಿದಳು. ಸುಳ್ಳು ಹೇಳಲಿಲ್ಲ.

"ಅಜ್ಜಿ ಸೀರೆ ಕುದಿಸ್ದೋಳು ನಾನೇ ಮಾವ. ಸೆರಗಲ್ಲಿ ಗಂಟಿತ್ತು, ನೋಡ್ಲಿಲ್ಲ. ಅಜ್ಜಿ ಗಂಟು ಬಿಚ್ಚಿದಾಗ್ಲೇ ಗೊತ್ತಾಯ್ತು, ಬೀಜ ಬೆಂದೋಗೈತೆ ಅಂತ. ಹೇಳಾಕೆ ಬಂದೆ. ಗಂಜಿ ನೋಡು ಅಂದ್ರಿ."

"ಆಮೇಲೆ ಹೇಳೋಕೆ ಏನಾಗಿತ್ತು?"

"ಆಮೇಲೆ ಹೆದರಿಕೆ ಆಯ್ತು."

ಅವ್ವ ಹಣೆ ಬಡಿದುಕೊಂಡಳು. ಗಂಟು ಹಾಕಿ ಮರೆತವಳು ನಾನಲ್ಲವೇ, ಆ ಹುಡುಗಿಯನ್ನು ಯಾಕೆ ಕೇಳುತ್ತೀಯ ಎಂದು ನನ್ನ ಮೇಲೇ ತಿರುಗಿಬಿದ್ದಳು.

ಈ ಬೀಜ ಎಲ್ಲಿಯದು ಎಂದು ಕೇಳಿದೆ. ಕೇಳುವ ಮೊದಲೇ ನನಗೆ ಗೊತ್ತಾಗಿತ್ತು. ಬೀರಪ್ಪನ ಕೈಲಿ ಯಗಟಿಗೆ ಹೇಳಿಕಳಿಸಿದ್ದಾಳೆ, ನಿಮ್ಮ ಅಕ್ಕನ ಸೊಸೆ ಸೋರೆಬೀಜ ಕೇಳುತ್ತಿದ್ದಾಳೆ ಎಂದು. ಏಳು ಕರಟಕ್ಕೂ ಒಂದೊಂದು ಊರಿದ್ದಾಳೆ. ಒಬ್ಬಳೇ, ಬಾಯಲ್ಲಿ ನೀರು ತುಂಬಿಕೊಂಡು.

ಮತ್ತೊಂದು ಎತ್ತು ತಂದು ಕಟ್ಟಿದ ಹಾಗೆಯೇ ಆಯಿತು, ಅದೂ ಆ ಬೆನಕಪ್ಪನ ಕೊಟ್ಟಿಗೆಯಿಂದಲೇ ಎಂದು ಕೂಗಾಡಿದೆ. ಅವಳು ತಲೆ ಎತ್ತಿ ಹೇಳಿದಳು, "ಬೇರೆ ಬೀಜ ಅಲ್ಲ ಮಾವ. ಅತ್ತೆ ತಂದಿದ್ದೂ ಆ ಬಳ್ಳೀದೇ. ಅತ್ತೆ ಹೋದ್ಮೇಲೆ ವರ್ಷಾ ವರ್ಷಾ ತಪ್ಪದೆ ಒಂದು ಬಳ್ಳಿ ಹಬ್ಬಿಸಿದ್ದಾರಂತೆ. ಭಾವ ಯಾವತ್ತಾದ್ರೂ ಕೇಳ್ತಾರೆ ಅಂತ."

ಬುಟ್ಟಿಯನ್ನು ಎತ್ತಿ ಹೊರಗಿಟ್ಟೆ. ಬೇಕಾದವರು ಒಯ್ಯಲಿ ಎಂದು.

ಬಿಸಿಲು ಏರಿದ ಮೇಲೆ ನಾನೇ ಒಳಗೆ ತಂದಿಟ್ಟೆ. ಬಾಡಿದರೆ ಅವ್ವನ ಗಲಾಟೆ ಕೇಳಲಾಗುವುದಿಲ್ಲ.

ದಶಮಿ, ಬುಧವಾರ

ಎರಡೆರಡು ಎಲೆ ಬಂದಿವೆ. ಮೇಲೆ ತುಪ್ಪುಳು.

ಕೈಗುಣ ಎಂದು ಅಷ್ಟು ದಿನ ಆಡಿಕೊಂಡೆ. ಬೀಜ ಬೆಂದದ್ದು ಗೊತ್ತಿದ್ದೂ ಅವಳು ಆ ಮಾತನ್ನು ಸುಮ್ಮನೆ ಕೇಳಿಸಿಕೊಂಡಳು. ಮೊದಲ ದಿನವೇ ಹೇಳಿದ್ದರೆ ನಾನು ಏನು ಮಾಡುತ್ತಿದ್ದೆ? ಕೂಗಾಡಿ ಎಲ್ಲವನ್ನೂ ಎಸೆಯುತ್ತಿದ್ದೆ. ಅಲ್ಲಿಗೆ ಮುಗಿಯುತ್ತಿತ್ತು. ಯಗಟಿಗೆ ಹೇಳಿಕಳಿಸಲು ಮಾತ್ರ ಬಿಡುತ್ತಿರಲಿಲ್ಲ.

ಹಾಗೆಂದು ಅವಳು ಮಾಡಿದ್ದು ಸರಿಯೆಂದಲ್ಲ.

ಇವತ್ತು ರಾಗಿ ಬೀಸಲು ಅವಳ ಜೊತೆ ನಾನೂ ಗೂಟ ಹಿಡಿದೆ. ಚಳಿಗೆ ಕೈ ಮರಗಟ್ಟಿತ್ತು, ಅದಕ್ಕೆ. ಕರಿಸಿದ್ದಪ್ಪ ನೋಡಿ ಏನೋ ಅಂದ. ಕೇಳಿಸಿಕೊಳ್ಳಲಿಲ್ಲ.

ಮಾಘ ಬಹುಳ ತದಿಗೆ, ಗುರುವಾರ

ಹದಿನೈದು ದಿನದಿಂದ ಊರಲ್ಲಿ ಇಲಿ ಬಿದ್ದಿಲ್ಲವಂತೆ. ಶಿವರಾತ್ರಿ ಕಳೆದು ಹಿಂದಿರುಗಬಹುದು ಎಂದು ದಫೇದಾರ ಸಾರಿದ್ದಾನೆ. ಬೀರಪ್ಪನ ಮಂದೆ ನಾಳೆ ಹೊರಡುತ್ತದೆ. ಅವನ ಹತ್ತಿರ ಹೋಗಿ, ಫಾಲ್ಗುಣದ ಮೊದಲ ಸೋಮವಾರ ನೆಡುತ್ತೇವೆ ಎಂದೆ. ಯಾರಿಗಾದರೂ ಹೇಳಬೇಕಾ ಯಜಮಾನರೇ ಎಂದು ಕೇಳಿದ. ನಾನು ಯಾರಿಗೂ ಹೇಳು ಎನ್ನಲಿಲ್ಲ. ಹೇಳಬೇಡ ಎಂದೂ ಅನ್ನಲಿಲ್ಲ. ದಾರಿಯಲ್ಲಿ ಸಿಕ್ಕವರಿಗೆ ಹೇಳಿಕೊಂಡರೆ ನಾನೇನು ಮಾಡಲಿ.

ಬಂದರೆ ಬರಲಿ. ಕಾದಿಟ್ಟ ಮಾತೆಲ್ಲ ಆಡಿಬಿಡುತ್ತೇನೆ.

ಫಾಲ್ಗುಣ ಶುದ್ಧ ಷಷ್ಠಿ, ಸೋಮವಾರ

ಮನೆಗೆ ಬಂದು ಸುಣ್ಣ ಬಳಿದು ಎಲ್ಲ ಆಯಿತು. ಇವತ್ತು ಕೊಟ್ಟಿಗೆಯ ಬುಡದಲ್ಲಿ ಗುಂಡಿ ತೋಡಿದೆ. ಕರಟ ಒಡೆದು, ಬೇರು ಅಲುಗದ ಹಾಗೆ ನಾನು ಹಿಡಿದುಕೊಡಬೇಕು, ಮಲ್ಲಿ ಊರಬೇಕು. ಅವ್ವ ಇಬ್ಬರ ಬಾಯಿಗೂ ಚೊಂಬಿನಿಂದ ನೀರು ಹಾಕಿದಳು. ಕರಿಸಿದ್ದಪ್ಪ ಬರದಂತೆ ಬೇಲಿಯ ಬಾಗಿಲು ಹಾಕಿಸಿದ್ದೆ.

ಆರು ಸಸಿ ಆದವು. ಏಳನೆಯದನ್ನು ಕೈಗೆ ತೆಗೆದುಕೊಳ್ಳುವಾಗ ಗಾಡಿ ನಿಂತ ಸದ್ದಾಯಿತು. ತಿರುಗಿ ನೋಡಿದರೆ ಬೇಲಿಯ ಆಚೆ ಬೆನಕಪ್ಪ. ತಲೆ ಪೂರ್ತಿ ಬೆಳ್ಳಗಾಗಿದೆ. ಹೊಟ್ಟೆಯಲ್ಲಿದ್ದ ಮಾತೆಲ್ಲ ಒಟ್ಟಿಗೆ ಗಂಟಲಿಗೆ ಬಂತು. ಬಾಯಲ್ಲಿ ನೀರು. ಒಂದು ತೊಟ್ಟೂ ಚೆಲ್ಲುವಂತಿಲ್ಲ. ಕೆನ್ನೆ ಉಬ್ಬಿಸಿಕೊಂಡು, ಸಸಿ ಹಿಡಿದುಕೊಂಡು, ಗುಲಾಬಿ ಪಂಚೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಅವನನ್ನೇ ನೋಡಿದೆ. ಅವನೂ ನನ್ನನ್ನೇ ನೋಡಿದ. ಆಮೇಲೆ ಮಲ್ಲಿಯನ್ನು ನೋಡಿದ. ಅವಳ ಕೆನ್ನೆಯೂ ಉಬ್ಬಿತ್ತು.

"ನಮ್ಮಕ್ಕನೂ ಹಿಂಗೇ ಕೂತಿರೋಳು ಭಾವ" ಎಂದ.

ನನ್ನ ಬಾಯಿಯ ನೀರು ಚೆಲ್ಲಿಹೋಯಿತು. ಎಲ್ಲ ಚೆಲ್ಲಿತು. ಕೆಮ್ಮೋ ನಗುವೋ ಏನೋ ಒಂದು ಬಂತು. ಕಣ್ಣಲ್ಲೂ ನೀರು ಬಂತು. ಕೆಮ್ಮಿದರೆ ಬರುತ್ತದೆ.

ಮಲ್ಲಿ ಚೆಲ್ಲಲಿಲ್ಲ. ನನ್ನ ಕೈಯಿಂದ ಸಸಿಯನ್ನು ಮೆಲ್ಲಗೆ ಬಿಡಿಸಿಕೊಂಡು ಗುಂಡಿಯಲ್ಲಿಟ್ಟು, ಮಣ್ಣು ಒತ್ತಿ, ಆಮೇಲೆ ನೀರು ನುಂಗಿದಳು.

ಬೆನಕಪ್ಪ ಇಲ್ಲೇ ಉಂಡ. ಅವನಕ್ಕ ಕಾಂತಮ್ಮ ಮಾಡುತ್ತಿದ್ದ ಹಾಗೆಯೇ ಅವ್ವ ಸೋರೆಕಾಯಿ ಪಲ್ಯ ಮಾಡಿದ್ದಳು. ಕಾಯಿ ಅವನೇ ಗಾಡಿಯಲ್ಲಿ ತಂದದ್ದು. ಕಾದಿಟ್ಟ ಮಾತು ಯಾವುದೂ ನೆನಪಾಗಲಿಲ್ಲ. ಮಳೆ ಬೆಳೆ ಎಂದು ಏನೇನೋ ಆಡಿದೆವು.

ಬೆಳಿಗ್ಗೆ ಸಾಯಂಕಾಲ ಬಳ್ಳಿಗೆ ನೀರು ಹಾಕುವವಳು ಮಲ್ಲಿ. ಬುಡ ಕೆದಕಿ ನೋಡಬಾರದು ಎಂದು ನನಗೆ ತಾಕೀತಾಗಿದೆ. ನನ್ನ ಕೈಗುಣ ನೆಟ್ಟಗಿಲ್ಲವಂತೆ.